ಶಾಲೆಯ ಚರಿತ್ರೆ ಬರೆಯ ಹೊರಟ ಮಗಳಿಗೆ

ಮೈಸೂರು

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಕಾಗದ ಕೈಸೇರಿತು. ಚರಿತ್ರೆ ಹೇಗೆ ಬರೆಯಲಿ, ಶಾಲೆಯ ಸಂಪ್ರದಾಯಗಳಲ್ಲಿ ಯಾವುದನ್ನು ಉಳಿಸಲಿ ಎಂದು ಎರಡು ಪ್ರಶ್ನೆ ಕೇಳಿದ್ದೀಯ. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ, ಆಗಲೇ ಮಂಡ್ಯ ಸೀಮೆಯ ನಿಮ್ಮ ಹೈಸ್ಕೂಲಿನ ಅಮೃತ ಮಹೋತ್ಸವದ ಸ್ಮರಣ ಸಂಚಿಕೆಗೆ ಚರಿತ್ರೆ ಬರೆಯುವ ಹೊಣೆ ನಿನಗೆ ಬಂದಿದೆ. ಕೈಯಲ್ಲಿರುವುದು ಯಾರೋ ಎಂದೋ ಮಾಡಿದ ಎರಡು ಪುಟದ ಸ್ವಾಗತ ಭಾಷಣ. ಗೋಡೆಯ ಫಲಕದಲ್ಲಿ ಒಂದು ಇಸವಿ, ರಬ್ಬರ್ ಸೀಲಿನಲ್ಲಿ ಇನ್ನೊಂದು. ಆ ಭಾಷಣವನ್ನೇ ಹಿಗ್ಗಿಸಿ ಎಂಟು ಪುಟ ಮಾಡಿಕೊಟ್ಟರೆ ಯಾರೂ ಬೇಡ ಅನ್ನುವುದಿಲ್ಲ, ನಿಜ. ಆದರೆ ಒಮ್ಮೆ ಅಚ್ಚಾದ ತಪ್ಪು ಇಸವಿ ಮುಂದಿನ ಐವತ್ತು ವರ್ಷ ಎಲ್ಲ ಭಾಷಣಗಳಲ್ಲೂ ಓಡಾಡುತ್ತದೆ. ಮೊದಲು ದಪ್ತರ ನೋಡು, ಆಮೇಲೆ ಜನರ ನೆನಪು ಕೇಳು, ಹೊಗಳಿಕೆಯನ್ನು ಕೊನೆಗೆ ಇಟ್ಟುಕೋ. ಈ ಸರದಿ ಬಿಡಬೇಡ.

ಹೆಡ್ಮಾಸ್ಟರ ಕೋಣೆಯ ಬೀರುವಿನಿಂದ ಶುರು ಮಾಡು. ನಿನಗೆ ಬೇಕಾದ ಮೊದಲ ಪುಸ್ತಕ ದಾಖಲಾತಿ ರಿಜಿಸ್ಟರ್, ನೀವೆಲ್ಲ ಅಡ್ಮಿಷನ್ ರಿಜಿಸ್ಟರ್ ಅನ್ನುವುದು. ಶಾಲೆಯಲ್ಲಿ ಉಳಿದ ಎಷ್ಟೋ ಕಡತಗಳನ್ನು ಅವಧಿ ಮುಗಿದ ಮೇಲೆ ವಿಲೇವಾರಿ ಮಾಡಿದರೂ ಇದನ್ನು ಶಾಶ್ವತವಾಗಿ ಕಾಪಾಡುತ್ತಾರೆ, ಯಾಕೆಂದರೆ ಎಂಬತ್ತು ವರ್ಷದ ಮುದುಕರೂ ಜನ್ಮದಿನಾಂಕದ ದಾಖಲೆಗೆ ಬಂದು ನಿಲ್ಲುತ್ತಾರೆ. ಮೊದಲನೇ ಸಂಪುಟದ ಮೊದಲನೇ ಸಾಲಿನಲ್ಲಿರುವ ದಾಖಲಾತಿ ದಿನಾಂಕವೇ ಸಾಮಾನ್ಯವಾಗಿ ಪಾಠ ಶುರುವಾದ ದಿನದ ಸುತ್ತಮುತ್ತ ಇರುತ್ತದೆ. ಆದರೂ ಒಂದು ಮೋಸ ಇದೆ. ಮಿಡ್ಲ್ ಸ್ಕೂಲನ್ನು ಮೇಲ್ದರ್ಜೆಗೆ ಏರಿಸಿದ ಕಡೆಗಳಲ್ಲಿ ಹೈಸ್ಕೂಲಿನ ಮೊದಲ ತಂಡದ ಹುಡುಗರನ್ನು ಹಳೆಯ ಮಿಡ್ಲ್ ಸ್ಕೂಲ್ ರಿಜಿಸ್ಟರಿನಲ್ಲೇ ಮುಂದುವರಿಸಿ, ಹೈಸ್ಕೂಲಿಗೆಂದೇ ಬೇರೆ ಪುಸ್ತಕವನ್ನು ಒಂದೆರಡು ವರ್ಷ ಕಳೆದು ತೆರೆದಿರುವುದುಂಟು. ಹಾಗಾಗಿ ಮೊದಲ ಪುಸ್ತಕದ ಕ್ರಮಸಂಖ್ಯೆ ಒಂದರಿಂದ ಶುರುವಾಗಿದೆಯೇ, ಮೊದಲ ಪುಟದಲ್ಲಿ ಸೇರಿದವರೆಲ್ಲ ಕೆಳಗಿನ ತರಗತಿಗೇ ಸೇರಿದ್ದಾರೆಯೇ ಎಂದು ನೋಡು. ಮೊದಲ ಪುಟದಲ್ಲೇ ಮೇಲಿನ ತರಗತಿಯವರೂ ಇದ್ದರೆ ಅದಕ್ಕೂ ಹಿಂದೆ ಇನ್ನೊಂದು ಪುಸ್ತಕ ಇತ್ತೆಂದೇ ತಿಳಿ.

ಇದಕ್ಕೆ ತಾಳೆ ನೋಡುವ ಸುಲಭ ದಾರಿ ಎಸ್‌ಎಸ್‌ಎಲ್‌ಸಿ ಫಲಿತಾಂಶದ ರಿಜಿಸ್ಟರ್. ಹೈಸ್ಕೂಲು ಮೂರು ವರ್ಷದ ಓದು. ಹಳೆಯ ಮೈಸೂರಿನಲ್ಲಿ ಅದನ್ನು ನಾಲ್ಕನೇ ಫಾರಂ, ಐದನೇ ಫಾರಂ, ಆರನೇ ಫಾರಂ ಎಂದು ಬರೆಯುತ್ತಿದ್ದರು; ಆಮೇಲೆ ಎಂಟು, ಒಂಬತ್ತು, ಹತ್ತನೇ ತರಗತಿ ಆಯಿತು. ವರ್ಷಕ್ಕೊಂದು ತರಗತಿಯಂತೆ ಬೆಳೆದ ಶಾಲೆ 1950ರ ಜೂನ್‌ನಲ್ಲಿ ಶುರುವಾಗಿದ್ದರೆ ಮೊದಲ ತಂಡ ಪಬ್ಲಿಕ್ ಪರೀಕ್ಷೆಗೆ ಕೂರುವುದು 1953ರ ಬೇಸಿಗೆಯಲ್ಲಿ. ಎರಡು ಪುಸ್ತಕಗಳ ನಡುವೆ ಈ ಮೂರು ವರ್ಷದ ಅಂತರ ಸಿಕ್ಕರೆ ನಿನ್ನ ಇಸವಿ ಗಟ್ಟಿ. ಸಿಗದಿದ್ದರೆ ಎಲ್ಲೋ ಒಂದು ಕಡೆ ಪುಸ್ತಕ ಕಳೆದಿದೆ ಅಥವಾ ಫಲಕದ ಇಸವಿ ತಪ್ಪಿದೆ.

ಫಲಕಕ್ಕೂ ಸೀಲಿಗೂ ಹೊಂದದಿರುವುದಕ್ಕೆ ಯಾರೂ ಸುಳ್ಳು ಹೇಳಿರಬೇಕೆಂದಿಲ್ಲ. ಒಂದು ಶಾಲೆಗೆ ಹುಟ್ಟಿದ ದಿನ ಅನ್ನಬಹುದಾದ ದಿನಗಳು ನಾಲ್ಕೈದು ಇರುತ್ತವೆ: ಮಂಜೂರಾತಿ ಆದೇಶದ್ದು, ಛತ್ರದಲ್ಲೋ ಬಾಡಿಗೆ ಮನೆಯಲ್ಲೋ ಪಾಠ ಶುರುವಾದದ್ದು, ಕಟ್ಟಡದ ಶಂಕುಸ್ಥಾಪನೆಯದು, ಪ್ರವೇಶದ್ದು, ಪುರಸಭೆ ಅಥವಾ ಬೋರ್ಡಿನ ಕೈಯಿಂದ ಸರ್ಕಾರಕ್ಕೆ ಬಂದದ್ದು. ಕಲ್ಲಿನ ಫಲಕ ಹೇಳುವುದು ಹೆಚ್ಚಾಗಿ ಕಟ್ಟಡದ ಇಸವಿ. ಪಾಠ ಶುರುವಾದ ದಿನವನ್ನೇ ಹುಟ್ಟುಹಬ್ಬವಾಗಿ ಇಟ್ಟುಕೊಂಡು ಉಳಿದವನ್ನೆಲ್ಲ ಒಂದೊಂದಾಗಿ ಅದರ ಕೆಳಗೆ ಬರೆಯುವುದು ನನ್ನ ಅಭಿಪ್ರಾಯದಲ್ಲಿ ನ್ಯಾಯ. ಶಾಲೆ ಎಂದರೆ ಮಕ್ಕಳು ಕೂತು ಕಲಿತದ್ದು ತಾನೆ. ಲೆಕ್ಕದಲ್ಲೂ ಎಚ್ಚರ: 1950ರ ಜೂನ್‌ನಲ್ಲಿ ಶುರುವಾದ ಶಾಲೆಗೆ 2024-25ನೇ ಸಾಲು ಎಪ್ಪತ್ತೈದನೆಯ ವರ್ಷ; ಎಪ್ಪತ್ತೈದು ತುಂಬುವುದು 2025ರ ಜೂನ್‌ಗೆ. ಬ್ಯಾನರ್ ಬರೆಸುವ ಮುಂಚೆ ‘ತುಂಬಿದ’ ಅನ್ನಬೇಕೋ ‘ನಡೆಯುತ್ತಿರುವ’ ಅನ್ನಬೇಕೋ ನೋಡಿಕೋ.

ದಿನಾಂಕವಿಲ್ಲದ ಕಾಗದ ಎಷ್ಟೋ ಸಿಗುತ್ತವೆ. ಅವುಗಳ ಕಾಲ ಹಿಡಿಯಲು ಕಾಗದದ ಮೇಲೇ ಗುರುತುಗಳಿವೆ. ಮಂಡ್ಯ ಜಿಲ್ಲೆ ಮೈಸೂರು ಜಿಲ್ಲೆಯಿಂದ ಬೇರೆಯಾದದ್ದು 1939ರ ಜುಲೈ 1ರಂದು, ಆದ್ದರಿಂದ ನಿಮ್ಮ ಊರಿನ ಹೆಸರಿನ ಮುಂದೆ ‘ಮೈಸೂರು ಡಿಸ್ಟ್ರಿಕ್ಟ್’ ಎಂದಿದ್ದರೆ ಅದು ಅದಕ್ಕೂ ಹಿಂದಿನದು. ಪಾಂಡವಪುರವನ್ನು ಹಳೆಯ ಕಾಗದಗಳಲ್ಲಿ ‘ಫ್ರೆಂಚ್ ರಾಕ್ಸ್’ ಎಂದು ಕಾಣುತ್ತೀಯ. ಫೀಸಿನ ಪುಸ್ತಕದಲ್ಲಿ ರೂಪಾಯಿ, ಆಣೆ, ಪೈ ಎಂದು ಮೂರು ಕಲಂ ಇದ್ದರೆ 1957ರ ಏಪ್ರಿಲ್‌ಗೂ ಮುಂಚಿನ ಲೆಕ್ಕ. ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ ಎಂದೇ ಕೂಡಬೇಕು, ಇಲ್ಲದಿದ್ದರೆ ಮೊತ್ತ ಹೊಂದುವುದಿಲ್ಲ. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ಒಳಗಿನದು. ‘ಮೈಸೂರು ಸರ್ಕಾರ’ ಎಂಬ ಸೀಲು 1973ರ ನವೆಂಬರ್ 1ಕ್ಕೆ ಮುಂಚಿನದು, ಅಂದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತಲ್ಲ. ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಅಚ್ಚಾಗಿದ್ದರೆ 1972ರ ಆಗಸ್ಟ್ 15ರ ಈಚಿನದು. ಕನ್ನಡ ಅಂಕಿಯಲ್ಲಿ ಬರೆದ ಪುಟಗಳಲ್ಲಿ ಆರು ಮತ್ತು ಒಂಬತ್ತನ್ನು ಎರಡೆರಡು ಸಲ ನೋಡು. ಕಡ್ಡಿ ಪೆನ್ನಿನ ಶಾಯಿ ಹರಡಿದ ಕಡೆ ಇವೆರಡೂ ಒಂದೇ ಥರ ಕಾಣುತ್ತವೆ.

ಶಾಲೆಯ ಹೆಸರಿನ ಬದಲಾವಣೆಗಳನ್ನು ಕಾಲಾನುಕ್ರಮದಲ್ಲಿ ಬರೆ. ನಮ್ಮ ಕಡೆಯ ಎಷ್ಟೋ ಸರ್ಕಾರಿ ಹೈಸ್ಕೂಲುಗಳು ಮುನಿಸಿಪಲ್ ಹೈಸ್ಕೂಲು, ಬೋರ್ಡ್ ಹೈಸ್ಕೂಲು ಎಂದು ಶುರುವಾದವು. ಪ್ರೌಢಶಿಕ್ಷಣದ ಬಗ್ಗೆ ನೇಮಿಸಿದ 1952-53ರ ಮುದಲಿಯಾರ್ ಆಯೋಗದ ಶಿಫಾರಸಿನ ಮೇಲೆ ಕೆಲವು, ಪಾಠದ ಜೊತೆ ಕಸುಬನ್ನೂ ಕಲಿಸುವ ಬಹೂದ್ದೇಶ ಶಾಲೆಗಳಾದವು. ನಿಮ್ಮಲ್ಲಿ ಮರಗೆಲಸದ ಕೊಠಡಿಯೋ ಹೊಲಿಗೆ ಯಂತ್ರಗಳೋ ಮೂಲೆ ಸೇರಿದ್ದರೆ ಅದರ ಕುರುಹು ಇರಬಹುದು, ಸ್ಟಾಕ್ ರಿಜಿಸ್ಟರ್ ನೋಡು. ಆಮೇಲೆ ಆವರಣದಲ್ಲೇ ಪಿಯು ಬಂದ ಕಡೆ ‘ಸರ್ಕಾರಿ ಪದವಿಪೂರ್ವ ಕಾಲೇಜು, ಪ್ರೌಢಶಾಲಾ ವಿಭಾಗ’ ಎಂದಾಯಿತು. ಈಚೆಗೆ ಒಂದನೇ ತರಗತಿಯಿಂದ ಪಿಯುವರೆಗೆ ಒಂದೇ ಸೂರಿನಡಿ ತಂದು ಕರ್ನಾಟಕ ಪಬ್ಲಿಕ್ ಶಾಲೆ ಎಂದು ಮಾಡಿದ್ದಾರೆ. ಹೆಸರು ಬದಲಾದಾಗಲೆಲ್ಲ ಪುಸ್ತಕಗಳು ಈ ಕೋಣೆಯಿಂದ ಆ ಕೋಣೆಗೆ ಹೋಗುತ್ತವೆ, ಹಂಚಿಹೋಗುತ್ತವೆ. ಹಳೆಯ ಸಂಪುಟ ಸಿಗದಿದ್ದರೆ ಪಿಯು ವಿಭಾಗದ ಉಗ್ರಾಣ, ಪಕ್ಕದ ಪ್ರಾಥಮಿಕ ಶಾಲೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ದಾಖಲೆ ಕೋಣೆ, ಈ ಮೂರನ್ನೂ ಕೇಳದೆ ‘ಕಳೆದುಹೋಗಿದೆ’ ಎಂದು ಬರೆಯಬೇಡ.

ಹೈಸ್ಕೂಲು ನಿಮ್ಮ ಊರಿಗೆ ಆ ಹೊತ್ತಿಗೇ ಯಾಕೆ ಬಂತು ಅನ್ನುವುದಕ್ಕೆ ಒಂದು ಪುಟ ಮೀಸಲಿಡು. ಸುಮ್ಮನೆ ‘ಮಹನೀಯರ ದೂರದೃಷ್ಟಿ’ ಎಂದು ಬರೆದರೆ ಏನೂ ಹೇಳಿದಂತಾಗುವುದಿಲ್ಲ. ಮೈಸೂರು ಸಂಸ್ಥಾನದಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು 1913ರಲ್ಲಿ ಬಂತು, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ. ಹಳ್ಳಿ ಹುಡುಗರು ಕೆಳಗಿನ ತರಗತಿ ಮುಗಿಸುವಷ್ಟು ಆದರು. ಮುಂದಕ್ಕೆ ಓದಬೇಕಾದರೆ ಮೈಸೂರಿಗೆ ಹೋಗಿ ವಾರಾನ್ನದ ಮನೆ ಹಿಡಿಯಬೇಕು, ಇಲ್ಲವೇ ಜಾತಿ ಹಾಸ್ಟೆಲುಗಳಲ್ಲಿ ಜಾಗ ಬೇಡಬೇಕು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಮುಗಿದು ನಾಲೆಯಲ್ಲಿ ನೀರು ಹರಿಯಿತು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆಯಾಯಿತು, ಕಬ್ಬಿನ ದುಡ್ಡು ಕೈಗೆ ಬಂತು. ರಾಗಿ ಹೊಲದ ಮನೆಯಿಂದ ಒಬ್ಬ ಹುಡುಗನನ್ನು ಪೇಟೆಗೆ ಕಳಿಸುವುದು ಅಸಾಧ್ಯವಾಗಿದ್ದ ಕಡೆ, ಊರಿನವರೇ ಸೇರಿ ಜಾಗ, ಕಲ್ಲು, ಮರ ಕೊಟ್ಟು ‘ನಮಗೂ ಹೈಸ್ಕೂಲು ಕೊಡಿ’ ಎಂದು ಕೇಳುವ ಶಕ್ತಿ ಬಂತು. ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆ 1881ರಿಂದ ದಸರಾ ಸಮಯಕ್ಕೆ ಮೈಸೂರಿನಲ್ಲಿ ಸೇರುತ್ತಿತ್ತು. ಅದರ ನಡವಳಿಗಳು ಅಚ್ಚಾಗಿವೆ. ನಿಮ್ಮ ತಾಲ್ಲೂಕಿನ ಪ್ರತಿನಿಧಿಗಳು ಶಾಲೆಯ ಬಗ್ಗೆ ಏನಾದರೂ ಕೇಳಿದ್ದರೇ ಎಂದು ಮೈಸೂರಿನಲ್ಲಿರುವ ರಾಜ್ಯ ಪತ್ರಾಗಾರದ ವಿಭಾಗೀಯ ಕಚೇರಿಯಲ್ಲೂ ಮಾನಸಗಂಗೋತ್ರಿಯ ಗ್ರಂಥಾಲಯದಲ್ಲೂ ವಿಚಾರಿಸು. ಹೋಗುವಾಗ ಹೆಡ್ಮಾಸ್ಟರ ಸಹಿಯ ಪತ್ರ, ಗುರುತಿನ ಚೀಟಿ ಇಟ್ಟುಕೋ, ಹುಡುಕಬೇಕಾದ ಇಸವಿಯ ಗಡಿಯನ್ನು ಐದು ವರ್ಷಕ್ಕೆ ಇಳಿಸಿಕೊಂಡು ಹೋಗು. ‘ನಮ್ಮ ಶಾಲೆ ಬಗ್ಗೆ ಏನಿದೆ?’ ಎಂದು ಕೇಳಿದರೆ ಅಲ್ಲಿ ಯಾರೂ ಏನೂ ತೆಗೆದುಕೊಡಲಾರರು.

ಅಲ್ಲೇ ಮೊದಲಿದ್ದ ಮಿಡ್ಲ್ ಸ್ಕೂಲಿನ ಹಾಜರಿ ಪುಸ್ತಕ ಸಿಕ್ಕರೆ 1938ರ ಏಪ್ರಿಲ್ ಮತ್ತು 1947ರ ಸೆಪ್ಟೆಂಬರ್–ಅಕ್ಟೋಬರ್ ಪುಟಗಳನ್ನು ಬಿಡಿಸು. ಮೊದಲನೆಯದು ಮದ್ದೂರಿನ ಶಿವಪುರದ ಧ್ವಜ ಸತ್ಯಾಗ್ರಹದ ತಿಂಗಳು, ಎರಡನೆಯದು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬೇಕೆಂದು ‘ಮೈಸೂರು ಚಲೋ’ ಚಳವಳಿ ನಡೆದ ದಿನಗಳು. ಆ ತಿಂಗಳುಗಳಲ್ಲಿ ಗೈರುಹಾಜರಿ ಸಾಲುಸಾಲಾಗಿ ಬಿದ್ದಿದ್ದರೆ ಅದು ನಿಮ್ಮ ಊರಿನ ಮಕ್ಕಳೂ ಬೀದಿಗೆ ಇಳಿದಿದ್ದರು ಎಂಬುದಕ್ಕೆ ಸುಳಿವು. ಸುಳಿವು ಅಷ್ಟೇ, ಸುಗ್ಗಿ, ಜಾತ್ರೆ, ಪ್ಲೇಗು, ಮಲೇರಿಯ ಇವಕ್ಕೂ ಹಾಜರಿ ಬೀಳುತ್ತಿತ್ತು. ಬೇರೆ ಆಧಾರ ಸಿಕ್ಕಿದರೆ ಮಾತ್ರ ಬರೆ.

ಹಳೆಯ ಪುಸ್ತಕ ಮುಟ್ಟುವ ವಿಧಾನ ಹೇಳುತ್ತೇನೆ, ಇಲ್ಲಿ ಆತುರ ಬಹಳ ಹಾಳು ಮಾಡುತ್ತದೆ. ಬೀರುವಿನಿಂದ ತೆಗೆದ ತಕ್ಷಣ ಕೊಡವಬೇಡ, ಬಿಸಿಲಿಗೂ ಹಾಕಬೇಡ. ಒಣಗಿದ ಹಾಳೆ ಬಿಸಿಲಿಗೆ ಹಪ್ಪಳದಂತೆ ಮುರಿಯುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಮೇಜಿನ ಮೇಲೆ ಒಂದು ದಿನ ತೆರೆದಿಟ್ಟು, ಮೆತ್ತಗಿನ ಒಣ ಬ್ರಷ್‌ನಿಂದ ಬೆನ್ನಿನ ಕಡೆಯಿಂದ ಹೊರಕ್ಕೆ ಧೂಳು ತೆಗೆ. ಎಂಜಲು ಹಚ್ಚಿ ಪುಟ ಮಗುಚುವ ಅಭ್ಯಾಸ ಇರುವವರ ಕೈಗೆ ಕೊಡಬೇಡ. ಗುಂಡುಸೂಜಿ, ಪಿನ್ನು ತುಕ್ಕು ಹಿಡಿದಿದ್ದರೆ ಎಳೆಯದೆ ಬಿಡಿಸಿ ತೆಗೆ. ಹರಿದ ಹಾಳೆಗೆ ಸೆಲ್ಲೊಟೇಪ್ ಹಚ್ಚಲೇಬೇಡ: ಕೆಲವೇ ವರ್ಷದಲ್ಲಿ ಅದರ ಅಂಟು ಕಂದು ಬಣ್ಣಕ್ಕೆ ತಿರುಗಿ ಶಾಯಿಯನ್ನೇ ಎಳೆದುಕೊಳ್ಳುತ್ತದೆ. ಲ್ಯಾಮಿನೇಷನ್ ಇನ್ನೂ ಕೆಟ್ಟದ್ದು, ಬಿಸಿಯ ಜೊತೆಗೆ ಮತ್ತೆ ಬಿಡಿಸಲಾಗದ ಪ್ಲಾಸ್ಟಿಕ್. ಗೆದ್ದಲು ಕಂಡರೆ ಆ ಪುಸ್ತಕವನ್ನು ಬೇರೆ ಇಟ್ಟು, ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದು, ನೆಲದಿಂದ ಅರ್ಧ ಅಡಿ ಎತ್ತರಿಸಿ ನಿಲ್ಲಿಸು. ನಮ್ಮ ಕಡೆ ಗೆದ್ದಲು ಬರುವುದು ನೆಲ ಗೋಡೆ ಹಿಡಿದೇ.

ಫೋನಿನಲ್ಲಿ ಚಿತ್ರ ತೆಗೆಯುವಾಗ ಪುಸ್ತಕವನ್ನು ಕಿಟಕಿಯ ಪಕ್ಕದ ನೆರಳಿನಲ್ಲಿ ಚಪ್ಪಟೆಯಾಗಿ ಇಟ್ಟು ಫೋನನ್ನು ಸರಿಯಾಗಿ ಮೇಲಿನಿಂದ ಹಿಡಿ. ಫ್ಲ್ಯಾಶ್ ಹಾಕಬೇಡ, ಮಾಸಿದ ನೀಲಿ ಶಾಯಿ ಆ ಬೆಳಕಿಗೆ ಚಿತ್ರದಲ್ಲಿ ಕಾಣದೆ ಹೋಗುತ್ತದೆ. ಓದಲಾಗದ ಸಾಲಿದ್ದರೆ ಬೆಳಕು ಒಂದು ಮಗ್ಗುಲಿನಿಂದ ಓರೆಯಾಗಿ ಬೀಳುವಂತೆ ಮಾಡಿ ಇನ್ನೊಂದು ತೆಗೆ. ಪ್ರತಿ ಚಿತ್ರಕ್ಕೂ ಸಂಪುಟ ಮತ್ತು ಪುಟಸಂಖ್ಯೆಯ ಹೆಸರು ಅದೇ ದಿನ ಕೊಡು. ಹೆಸರಿಲ್ಲದ ನಾನೂರು ಚಿತ್ರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಒಂದು ಪ್ರತಿ ಶಾಲೆಯ ಕಂಪ್ಯೂಟರಿನಲ್ಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ ಇರಲಿ. ಇನ್ನೊಂದು ಮಾತು: ಆ ರಿಜಿಸ್ಟರಿನಲ್ಲಿ ಜಾತಿ, ಜನ್ಮದಿನಾಂಕ, ತಂದೆಯ ಕಸುಬು ಎಲ್ಲ ಇರುತ್ತದೆ. ಯಾರೊಬ್ಬರ ಹೆಸರಿನ ಮುಂದೆಯೂ ಇವನ್ನು ಅಚ್ಚು ಹಾಕಬೇಡ, ಪುಟದ ಚಿತ್ರವನ್ನು ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಹಾಕುವುದೂ ಬೇಡ. ಒಟ್ಟು ಲೆಕ್ಕ ಬರೆ: ಮೊದಲ ಹತ್ತು ವರ್ಷದಲ್ಲಿ ಎಷ್ಟು ಹೆಣ್ಣುಮಕ್ಕಳು ಸೇರಿದರು, ಅವರಲ್ಲಿ ಎಷ್ಟು ಮಂದಿ ಕೊನೆಯ ಪರೀಕ್ಷೆಯವರೆಗೆ ಉಳಿದರು, ಪರಿಶಿಷ್ಟ ಜಾತಿಯ ಮಕ್ಕಳು ಯಾವಾಗಿನಿಂದ ಬಂದರು, ಯಾವ ಹಳ್ಳಿಗಳಿಂದ ನಡೆದು ಬರುತ್ತಿದ್ದರು. ಶಾಲೆ ಬಿಟ್ಟ ದಿನಾಂಕ ಮತ್ತು ಕಾರಣದ ಕಲಂಗಳಲ್ಲಿ ಊರಿನ ಚರಿತ್ರೆ ಇದೆ. ಸಂಚಿಕೆಯಲ್ಲಿ ಮಂತ್ರಿ, ಶಾಸಕರ ಸಂದೇಶಕ್ಕೆ ಹತ್ತು ಪುಟ ಹೋಗುತ್ತದೆ; ಈ ಲೆಕ್ಕಕ್ಕೆ ಎರಡು ಪುಟ ಹಟ ಹಿಡಿದಾದರೂ ಉಳಿಸಿಕೋ.

ಜಾಗದ ಕಾಗದ ನೋಡದೆ ಚರಿತ್ರೆ ಮುಗಿಸಬೇಡ ಕಣಮ್ಮ. ಇದು ಬರೀ ಬರವಣಿಗೆಯ ಮಾತಲ್ಲ. ಸಣ್ಣ ಊರುಗಳಲ್ಲಿ ಶಾಲೆಯ ಆಸ್ತಿ ಎಂದರೆ ಆಟದ ಮೈದಾನ, ಮೊದಲು ಕರಗುವುದೂ ಅದೇ. ಒಂದು ಕಡೆ ಅಂಗಡಿ ಸಾಲು, ಇನ್ನೊಂದು ಕಡೆ ರಸ್ತೆ ಅಗಲೀಕರಣ, ಮತ್ತೊಂದು ಕಡೆ ಯಾವುದೋ ಇಲಾಖೆಯ ಕಟ್ಟಡ. ದಾನ ಕೊಟ್ಟವರು ಬಾಯಿಮಾತಿನಲ್ಲಿ ಕೊಟ್ಟಿದ್ದು, ಪಹಣಿಯಲ್ಲಿ ಅವರ ಹೆಸರೇ ಉಳಿದಿದ್ದರೆ ಮೊಮ್ಮಕ್ಕಳ ಕಾಲಕ್ಕೆ ತಕರಾರು ಬರುತ್ತದೆ. ಸರ್ವೆ ನಂಬರು, ವಿಸ್ತೀರ್ಣ, ಪಹಣಿ ಅಥವಾ ಖಾತೆ ಯಾರ ಹೆಸರಿನಲ್ಲಿದೆ, ದಾನಪತ್ರ ನೋಂದಣಿ ಆಗಿದೆಯೇ, ಈ ನಾಲ್ಕನ್ನೂ ಕೇಳು. ಹಳೆಯ ವಿಸ್ತೀರ್ಣ ಎಕರೆ–ಗುಂಟೆಯಲ್ಲಿ ಇರುತ್ತದೆ, ನಲವತ್ತು ಗುಂಟೆಗೆ ಒಂದು ಎಕರೆ; ಕಾಗದದ ಮೂರು ಎಕರೆ ಇಂದು ಅಳತೆಯಲ್ಲಿ ಎರಡೂವರೆ ಆಗಿದ್ದರೆ ಹೆಡ್ಮಾಸ್ಟರ ಮೂಲಕ ಮೊದಲು ಬಿಇಒ ಕಚೇರಿಗೆ ಬರೆಸಿ, ಸರ್ವೆಗೆ ಅರ್ಜಿ ಕೊಡಿಸು. ಗಡಿಗಳನ್ನು ಗುರುತಿಸಿದ ನಕ್ಷೆಯನ್ನು ಸಂಚಿಕೆಯಲ್ಲಿ ಅಚ್ಚು ಹಾಕಿಸು. ಊರಿನ ಐನೂರು ಮನೆಯಲ್ಲಿ ಆ ನಕ್ಷೆ ಇರುವುದೇ ಮೈದಾನಕ್ಕೆ ಒಂದು ಬೇಲಿ.

ಇನ್ನು ಜನರ ನೆನಪು. ‘ಆಗ ಶಾಲೆ ಹೇಗಿತ್ತು?’ ಎಂದು ಕೇಳಿದರೆ ಎಲ್ಲರೂ ‘ಆಗಿನ ಶಿಸ್ತೇ ಶಿಸ್ತು’ ಎಂದು ಒಂದೇ ಮಾತು ಹೇಳುತ್ತಾರೆ. ವಸ್ತು ಹಿಡಿದು ಕೇಳು. ಗಂಟೆ ಯಾವುದಿತ್ತು, ಕಂಚಿನದೋ ರೈಲು ಕಂಬಿಯ ತುಂಡೋ, ಎಲ್ಲಿ ನೇತುಹಾಕಿದ್ದರು, ಬಾರಿಸುತ್ತಿದ್ದವರು ಯಾರು? ನೀರು ಎಲ್ಲಿಂದ? ಮಧ್ಯಾಹ್ನ ಬುತ್ತಿಯಲ್ಲಿ ಏನು, ಬುತ್ತಿ ಇಲ್ಲದವರು ಏನು ಮಾಡುತ್ತಿದ್ದರು? ಹುಡುಗಿಯರಿಗೆ ಶೌಚಾಲಯ ಯಾವ ವರ್ಷ ಬಂತು? ಯಾವ ಮರದ ಕೆಳಗೆ ಯಾವ ಪಾಠ? ಗುಂಪು ಫೋಟೊ ಮುಂದಿಟ್ಟರೆ ಇನ್ನೂ ಚೆನ್ನ. ಇಸವಿ ನೆನಪಿರದವರಿಗೆ ದೊಡ್ಡ ಘಟನೆಗಳ ಗೂಟ ಕೊಡು: ನೆಹರೂ ತೀರಿಕೊಂಡ 1964, ತುರ್ತುಪರಿಸ್ಥಿತಿಯ 1975, ಇಂದಿರಾ ಗಾಂಧಿ ಹತ್ಯೆಯಾದ 1984, ಕಾವೇರಿ ಗಲಾಟೆಯ 1991. ‘ಅದಕ್ಕೆ ಮುಂಚೆಯೋ ಆಮೇಲೋ?’ ಎಂದು ಕೇಳಿದರೆ ಸಾಮಾನ್ಯವಾಗಿ ಸರಿಯಾಗಿ ಹೇಳುತ್ತಾರೆ. ನಿವೃತ್ತ ಜವಾನರನ್ನು, ಅಡುಗೆಯ ಅಮ್ಮಂದಿರನ್ನು ಬಿಡಬೇಡ. ಮೇಷ್ಟ್ರುಗಳಿಗೆ ವರ್ಗ ಆಗುತ್ತಿರುತ್ತದೆ, ಅವರು ಅಲ್ಲೇ ಇರುತ್ತಾರೆ.

ನೀನು ಕೇಳಿದ ಎರಡನೇ ಪ್ರಶ್ನೆ, ಸಂಪ್ರದಾಯಗಳಲ್ಲಿ ಯಾವುದನ್ನು ಉಳಿಸಬೇಕು ಎಂಬುದು. ಪ್ರತಿಯೊಂದನ್ನೂ ಯಾರು ಮಾಡುತ್ತಾರೆ, ಏನು ಬೇಕು, ಎಲ್ಲಿ ಕೆಡುತ್ತದೆ ಎಂದು ಬರೆದಿಟ್ಟರೆ ಉಳಿಯುತ್ತದೆ. ಒಬ್ಬ ಪೀಟಿ ಮೇಷ್ಟ್ರ ತಲೆಯಲ್ಲೇ ಇದ್ದರೆ ಅವರ ವರ್ಗದ ಜೊತೆಗೆ ಹೋಗುತ್ತದೆ.

ಬೆಳಗಿನ ಪ್ರಾರ್ಥನೆ ದಿನವೂ ನಡೆಯುವ ಸಂಪ್ರದಾಯ, ಆದರೆ ಯಾರೂ ಅದನ್ನು ಸಂಪ್ರದಾಯ ಎಂದು ಗಮನಿಸುವುದಿಲ್ಲ. ನಾಡಗೀತೆ 2 ನಿಮಿಷ 30 ಸೆಕೆಂಡ್, ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎಂದು 2022ರಲ್ಲಿ ಸರ್ಕಾರ ಗೊತ್ತುಮಾಡಿದೆ. ರಾಷ್ಟ್ರಗೀತೆ 52 ಸೆಕೆಂಡ್. ನಡುವೆ 2023ರಿಂದ ಸಂವಿಧಾನ ಪೀಠಿಕೆಯ ಓದು. ಸುದ್ದಿ, ಸುಭಾಷಿತ ಸೇರಿ ಹದಿನೈದು ನಿಮಿಷ ಮೀರಬಾರದು, ಮೀರಿದರೆ ಬಿಸಿಲಿಗೆ ತಿಂಡಿ ತಿನ್ನದೆ ಬಂದ ಮಕ್ಕಳು ತಲೆ ತಿರುಗಿ ಬೀಳುತ್ತಾರೆ. ಪ್ರಾರಂಭದ ಶ್ರುತಿ ಎತ್ತರ ಹಿಡಿದರೆ ಹತ್ತನೇ ತರಗತಿಯ ಗಂಡುಮಕ್ಕಳು ಎರಡನೇ ಚರಣಕ್ಕೆ ಬಾಯಿ ಮುಚ್ಚುತ್ತಾರೆ. ಅವರ ಧ್ವನಿ ಆಗ ಒಡೆಯುತ್ತಿರುತ್ತದೆ. ತಗ್ಗಿನ ಶ್ರುತಿ ಕೊಡುವವರನ್ನು ಮುಂದೆ ನಿಲ್ಲಿಸು.

ಧ್ವಜಾರೋಹಣದ ಕೆಲಸ ಬಹಳ ಕಡೆ ಅಂದಾಜಿನಲ್ಲೇ ನಡೆಯುತ್ತದೆ, ಹಾಗಾಗಿ ಅತಿಥಿಗಳ ಮುಂದೆ ಗಂಟು ಬಿಚ್ಚದೆ ನಿಲ್ಲುತ್ತದೆ. ಬಾವುಟ 3:2ರ ಅಳತೆಯದು, ಶಾಲೆಯ ಕಂಬಕ್ಕೆ 900×600 ಅಥವಾ 1350×900 ಮಿಲಿಮೀಟರಿನದು ಸರಿಹೋಗುತ್ತದೆ. ಹುಬ್ಬಳ್ಳಿಯ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಘದಲ್ಲಿ ತಯಾರಾದ ಬಾವುಟದ ಅಂಚಿನಲ್ಲಿ ಹಗ್ಗ ಹೊಲಿದಿರುತ್ತದೆ, ಹಗ್ಗಕ್ಕೆ ಸಿಕ್ಕಿಸುವ ಮರದ ಗುಬ್ಬಿ ಇರುವ ತುದಿ ಕೇಸರಿಯ ಕಡೆಗೆ. ಕಟ್ಟುವ ಮುಂಚೆ ಅದನ್ನು ಕಣ್ಣಾರೆ ನೋಡಿದರೆ ತಲೆಕೆಳಗಾಗುವುದಿಲ್ಲ. ಮಡಿಸುವಾಗ ಕೇಸರಿ ಮತ್ತು ಹಸಿರನ್ನು ಬಿಳಿಯ ಕೆಳಕ್ಕೆ ಮಡಚಿ, ಆಮೇಲೆ ಎರಡೂ ಬದಿಯಿಂದ ಚಕ್ರದ ಕಡೆಗೆ ತಾ. ಒಳಗೆ ಹೂವಿನ ಎಸಳು ಒಂದು ಬೊಗಸೆ ಸಾಕು, ಒಣಗಿದವಾಗಿರಲಿ: ಒದ್ದೆ ಎಸಳು ಬಟ್ಟೆಗೆ ಅಂಟಿ ಕಲೆ ಬೀಳುತ್ತದೆ, ಮಡಿಕೆ ಬಿಡಿಸಿಕೊಳ್ಳುವುದೂ ಇಲ್ಲ. ಹೊರಗಿನ ಗಂಟು ಒಂದೇ ಎಳೆತಕ್ಕೆ ಬಿಚ್ಚುವ ಜಾರುಗಂಟು. ಹಗ್ಗ ಕಂಬದ ಎತ್ತರದ ಎರಡರಷ್ಟಕ್ಕಿಂತ ನಾಲ್ಕೈದು ಅಡಿ ಹೆಚ್ಚಿರಬೇಕು. ಇಪ್ಪತ್ತು ಅಡಿ ಕಂಬಕ್ಕೆ ನಲವತ್ತೈದು ಅಡಿ. ಆಗಸ್ಟ್ ಮಳೆಯಲ್ಲಿ ನೂಲಿನ ಹಗ್ಗ ನೆನೆದು ಊದಿ ರಾಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ನೈಲಾನ್ ಊದುವುದಿಲ್ಲ, ಆದರೆ ಗಂಟು ತಾನಾಗಿಯೇ ಜಾರುತ್ತದೆ. ಯಾವುದು ಇದ್ದರೂ ಹಿಂದಿನ ಸಂಜೆ ರಾಟೆಗೆ ಎಣ್ಣೆ ಬಿಟ್ಟು, ಅದೇ ಅಳತೆಯ ಬೇರೆ ಬಟ್ಟೆ ಕಟ್ಟಿ ಮೂರು ಸಲ ಎಳೆದು ನೋಡಬೇಕು. ಡಾ. ಎನ್.ಎಸ್. ಹರ್ಡೀಕರ್ 1923ರಲ್ಲಿ ಕಟ್ಟಿದ ಸೇವಾದಳದ ತರಬೇತಿ ಆದ ಶಿಕ್ಷಕರು ತಾಲ್ಲೂಕಿನಲ್ಲಿ ಒಬ್ಬರಾದರೂ ಸಿಗುತ್ತಾರೆ. ಅವರನ್ನು ಕರೆಸಿ ಒಂಬತ್ತನೇ ತರಗತಿಯ ನಾಲ್ಕು ಮಕ್ಕಳಿಗೆ ಕಲಿಸು. ಹತ್ತನೆಯವರಿಗೆ ಕಲಿಸಿದರೆ ಮಾರ್ಚ್‌ಗೆ ಹೊರಟುಹೋಗುತ್ತಾರೆ. ಒಂಬತ್ತರವರು ಮುಂದಿನ ವರ್ಷ ತಾವೇ ಕಲಿಸಿ ಹೋಗಲಿ.

ಶಾಲಾ ವಾರ್ಷಿಕೋತ್ಸವಕ್ಕೆ ಸಿನಿಮಾ ಹಾಡಿನ ಕುಣಿತವೇ ತುಂಬಿಕೊಂಡಿದೆ ಎಂದು ಬರೆದಿದ್ದೀಯ. ನಿಲ್ಲಿಸಲು ಹೋಗಬೇಡ, ಮಕ್ಕಳ ಉತ್ಸಾಹ ಹೋಗುತ್ತದೆ. ಜೊತೆಗೆ ಎರಡು ಜಾಗ ಮೀಸಲಿಡು. ಒಂದು ಪೂಜಾ ಕುಣಿತಕ್ಕೆ, ಮಂಡ್ಯ ಸೀಮೆಯಲ್ಲಿ ಅದನ್ನು ಕಲಿಸಬಲ್ಲ ಕಲಾವಿದರು ಇನ್ನೂ ಇದ್ದಾರೆ. ಆರು ವಾರ ಮುಂಚೆ ಕರೆಸಬೇಕು. ದೊಡ್ಡವರು ತಲೆಯ ಮೇಲೆ ಹೊರುವ ‘ಪೂಜೆ’ ಎಂಬ ಅಲಂಕಾರದ ಚೌಕಟ್ಟಿನ ಭಾರ ಹದಿನಾಲ್ಕರ ಮಕ್ಕಳ ಕತ್ತಿಗೆ ಬೇಡ, ಬಿದಿರಿನ ಹಗುರ ಚೌಕಟ್ಟು ಮಾಡಿಸು. ತಮಟೆಯ ಹತ್ತಿರ ಮೈಕ್ ಇಡಬೇಡ, ಹಾಡಿನವರ ಬಾಯಿಯ ಹತ್ತಿರ ಇಡು. ಇನ್ನೊಂದು ಜಾಗ ಪೌರಾಣಿಕ ನಾಟಕದ ಒಂದೇ ಒಂದು ದೃಶ್ಯಕ್ಕೆ, ಇಪ್ಪತ್ತು ನಿಮಿಷ. ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಕಿರೀಟ, ಗದೆ ಎಲ್ಲ ನಮ್ಮ ಊರುಗಳಲ್ಲಿ ಬಾಡಿಗೆಗೆ ಸಿಗುತ್ತವೆ. ಶಿವರಾತ್ರಿ ಹತ್ತಿರ ಬಂದರೆ ಊರೂರಲ್ಲೂ ನಾಟಕ, ಸಿಗುವುದು ಕಷ್ಟ, ಆದ್ದರಿಂದ ಜನವರಿಯಲ್ಲೇ ಮುಗಿಸು. ಕೊನೆಯ ಬಸ್ಸಿನ ಹೊತ್ತು ನೋಡಿ ಕಾರ್ಯಕ್ರಮದ ಹೊತ್ತು ಇಡು. ಸನ್ಮಾನ ಉದ್ದವಾಗಿ ಮಕ್ಕಳ ಕುಣಿತ ರಾತ್ರಿ ಹತ್ತಕ್ಕೆ ಹೋದರೆ ಹಳ್ಳಿಯ ಹೆಣ್ಣುಮಕ್ಕಳನ್ನು ಮುಂದಿನ ವರ್ಷ ಮನೆಯವರು ಕಳಿಸುವುದಿಲ್ಲ.

ಊಟದ ಅಂದಾಜು: ಬಿಸಿಯೂಟದ ಲೆಕ್ಕದಲ್ಲಿ ಹೈಸ್ಕೂಲು ಮಗುವಿಗೆ 150 ಗ್ರಾಂ ಅಕ್ಕಿ, ಮುನ್ನೂರು ಮಕ್ಕಳಿಗೆ 45 ಕಿಲೊ. ಹಳೆಯ ವಿದ್ಯಾರ್ಥಿಗಳು ಕೂತಾಗ ಕಿಲೊಗೆ ಏಳು ಜನ ಎಂದು ಹಿಡಿ, ಪಾಯಸ ಇದ್ದರೆ ಎಂಟು. ಖರ್ಚಿಗೆ ಮಕ್ಕಳಿಂದ ಬಲವಂತದ ಚಂದಾ ಎತ್ತಬೇಡಿ. ದಾನ ಬಂದರೆ ಅಂಕಿ ಹಾಕಿದ ರಸೀತಿ, ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಸಮಿತಿಯ ನಡವಳಿಯಲ್ಲಿ ಒಂದು ಸಾಲು, ಜಂಟಿ ಖಾತೆ. ಇದರಲ್ಲಿ ಸಡಿಲ ಬಿಟ್ಟರೆ ಒಳ್ಳೆಯ ಕೆಲಸಕ್ಕೂ ಕೆಟ್ಟ ಹೆಸರು.

ಗುಂಪು ಫೋಟೊ ತೆಗೆಯುವುದನ್ನು ನಿಲ್ಲಿಸಿದ್ದಾರೆ ಎಂದೆಯಲ್ಲ, ಅದನ್ನು ಖಂಡಿತ ಮತ್ತೆ ಶುರು ಮಾಡು. ಫೋನಿನಲ್ಲಿ ಸಾವಿರ ಚಿತ್ರ ಇರುತ್ತವೆ, ಇಪ್ಪತ್ತು ವರ್ಷಕ್ಕೆ ಒಂದೂ ಸಿಗುವುದಿಲ್ಲ. ಬೆಳಿಗ್ಗೆ ಒಂಬತ್ತರ ಸುಮಾರಿಗೆ, ಬಿಸಿಲು ಕಣ್ಣಿಗೆ ನೇರ ಹೊಡೆಯದ ಕಡೆ ನಿಲ್ಲಿಸಬೇಕು. ಬೆನ್ನಿಗೆ ಬಿಸಿಲಿದ್ದರೆ ಮುಖಗಳೆಲ್ಲ ಕಪ್ಪು. ನೆಲದ ಮೇಲೆ ಒಂದು ಸಾಲು, ಕುರ್ಚಿ, ನಿಂತವರು, ಬೆಂಚಿನ ಮೇಲೆ ನಿಂತವರು. ಬೆಂಚಿನ ತುದಿಗೆ ಯಾರನ್ನೂ ನಿಲ್ಲಿಸಬೇಡ, ಮಗುಚಿಕೊಳ್ಳುತ್ತದೆ. ಸಾಲು ಚದುರುವ ಮುಂಚೆಯೇ ಎಡದಿಂದ ಬಲಕ್ಕೆ ಹೆಸರುಗಳನ್ನು ಬರೆದುಕೋ, ನಾಳೆ ಬರೆಯೋಣ ಎಂದರೆ ಎಂದಿಗೂ ಆಗುವುದಿಲ್ಲ. ಹೆಸರು ಅಚ್ಚು ಹಾಕಿದ ರಟ್ಟಿಗೆ ಅಂಟಿಸಿ ಒಂದನ್ನು ಗೋಡೆಗೆ, ಇನ್ನೊಂದನ್ನು ಬೆಳಕು ಬೀಳದ ಕಡತದಲ್ಲಿ ಇಡು. ಗೋಡೆಯದು ಮಾಸಿದರೂ ಕಡತದ್ದು ಉಳಿಯುತ್ತದೆ. ಜವಾನರೂ ಅಡುಗೆಯವರೂ ಫೋಟೊದಲ್ಲಿ ಇರಲಿ, ಕುರ್ಚಿಯ ಸಾಲಿನಲ್ಲಿ.

ಹತ್ತನೇ ತರಗತಿಯವರು ಬೀಳ್ಕೊಡುಗೆ ದಿನ ಶಾಲೆಗೆ ಏನಾದರೂ ಕೊಟ್ಟುಹೋಗುವ ರೂಢಿ ಚೆನ್ನಾದದ್ದು. ಗಡಿಯಾರಗಳೇ ಏಳೆಂಟು ಸೇರಿಬಿಟ್ಟಿವೆಯಂತೆ! ಕೊಡುಗೆಗೂ ಸ್ಟಾಕ್ ರಿಜಿಸ್ಟರಿನಲ್ಲಿ ಸಂಖ್ಯೆ ಬೀಳಬೇಕು, ಸಾಲಿನ ಇಸವಿಯನ್ನು ಸ್ಟಿಕ್ಕರಿನಲ್ಲಿ ಅಲ್ಲದೆ ಬಣ್ಣದಲ್ಲಿ ಬರೆಸಬೇಕು. ಡಿಸೆಂಬರಿನಲ್ಲೇ ಶಾಲೆಗೆ ಬೇಕಾದ ಐದು ಸಾಮಾನಿನ ಪಟ್ಟಿ ಮಾಡಿ ಅವರ ಮುಂದಿಡು, ಅಗ್ಗದ್ದೂ ಇರಲಿ.

ದತ್ತಿ ಬಹುಮಾನಗಳ ವಿಚಾರ ಕೊಂಚ ತುರ್ತು. ಹಿಂದೆ ಐನೂರು ರೂಪಾಯಿ ಠೇವಣಿ ಇಟ್ಟು ತಂದೆಯ ಹೆಸರಿನಲ್ಲಿ ಬಹುಮಾನ ಕೊಡಿಸಿ ಎಂದವರ ಬಡ್ಡಿ ಶೇಕಡ 7 ಎಂದು ಹಿಡಿದರೂ ವರ್ಷಕ್ಕೆ 35 ರೂಪಾಯಿ, ಒಂದು ನೋಟ್‌ಬುಕ್ಕಿಗೆ ಸರಿಯಾಗುತ್ತದೆ. ಹೆಡ್ಮಾಸ್ಟರು ಬದಲಾದಾಗ ಬ್ಯಾಂಕಿನಲ್ಲಿ ಸಹಿ ಬದಲಾಯಿಸದೆ ಬಿಟ್ಟ ಖಾತೆಗಳೂ ಇರುತ್ತವೆ. ಹತ್ತು ವರ್ಷ ಯಾರೂ ಮುಟ್ಟದ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತದೆ. ಹೋದರೂ ದಾಖಲೆ ಕೊಟ್ಟು ಅದೇ ಬ್ಯಾಂಕಿನ ಮೂಲಕ ವಾಪಸ್ಸು ಪಡೆಯಬಹುದು. ಹಳೆಯ ಠೇವಣಿ ರಸೀತಿಗಳನ್ನೆಲ್ಲ ಹುಡುಕಿ ಪಟ್ಟಿ ಮಾಡು. ದಾನಿಗಳ ಮನೆಯವರನ್ನು ಕಂಡು ‘ಮೊತ್ತ ಹೆಚ್ಚಿಸುತ್ತೀರಾ, ಅಥವಾ ನಾಲ್ಕು ಸಣ್ಣ ದತ್ತಿ ಸೇರಿಸಿ ನಾಲ್ಕೂ ಹೆಸರಿನಲ್ಲಿ ಒಂದು ಬಹುಮಾನ ಕೊಡಲು ಒಪ್ಪುತ್ತೀರಾ’ ಎಂದು ಕೇಳು, ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೋ. ಒಪ್ಪದಿದ್ದರೆ ಮುಟ್ಟಬೇಡ, ಕೊಟ್ಟವರ ಮಾತು ದೊಡ್ಡದು.

ಗೌರವ ಫಲಕದಲ್ಲಿ ವರ್ಷದ ಮೊದಲಿಗರ ಅಂಕ ಬರೆಸುವಾಗ ಒಟ್ಟು ಅಂಕವನ್ನೂ ಬರೆಸು. ಈಗ ಎಸ್‌ಎಸ್‌ಎಲ್‌ಸಿ 625ಕ್ಕೆ. ಹಳೆಯ ರಿಜಿಸ್ಟರಿನ ಕಲಂ ಕೂಡಿ ನೋಡದೆ ಎಲ್ಲ ವರ್ಷಕ್ಕೂ ಅದನ್ನೇ ಹಾಕಿದರೆ ಹಳಬರಿಗೆ ಅನ್ಯಾಯ.

ಸದ್ಯಕ್ಕೆ ನೀನು ಮಾಡಬೇಕಾದ್ದು, ಮೊದಲ ದಾಖಲಾತಿ ಸಂಪುಟ ಮತ್ತು ಮೊದಲ ಫಲಿತಾಂಶದ ಪುಸ್ತಕ ಇವೆರಡನ್ನು ಹೆಡ್ಮಾಸ್ಟರ ಅನುಮತಿ ಪಡೆದು ಒಟ್ಟಿಗೆ ಮೇಜಿನ ಮೇಲೆ ಇಟ್ಟುಕೊಂಡು ಆ ಮೂರು ವರ್ಷದ ಅಂತರ ನೋಡುವುದು. ಪುಸ್ತಕವನ್ನು ಶಾಲೆಯಿಂದ ಹೊರಗೆ ತರಬೇಡ, ಎಷ್ಟೇ ಅನುಕೂಲ ಎನಿಸಿದರೂ. ಓದಲಾಗದ ಸಾಲು ಇದ್ದರೆ ದಸರಾ ರಜೆಗೆ ಬಂದಾಗ ಬರೆದುಕೊಂಡು ಬಾ, ಕೂತು ಬಿಡಿಸೋಣ. ನಿನ್ನ ದೊಡ್ಡಮ್ಮ ರಜೆ ಯಾವತ್ತಿನಿಂದ ಎಂದು ಕೇಳುತ್ತಿದ್ದಾಳೆ, ಅಪ್ಪ ಅಮ್ಮನನ್ನೂ ಕರೆದುಕೊಂಡು ಬರಬೇಕಂತೆ.

ಇಂತಿ ನಿನ್ನ
ದೊಡ್ಡಪ್ಪ